ಬೇರಿನ ಬಾಲ

ತಾವ್ ನದಿಯ ಮೇಲಿನ ಹೊಲದಲ್ಲಿ
ಇಬ್ಬನಿ ಕಲ್ಲಾಗುವ ತಿಂಗಳು.
ಮೂರು ಹಲ್ಲಿನ ಗುದ್ದಲಿ ಊರಿ
ಹಿಂದಕ್ಕೆ ಜಗ್ಗಿದರೆ ನೆಲ ಬಾಯಿಬಿಟ್ಟು
ಡಾಂಗ್‌ಗುಯಿ ಬೇರು ಮೇಲೆ ಬರುತ್ತದೆ,
ಗಡ್ಡದ ತುಂಬ ಮಣ್ಣು, ಮೈತುಂಬ ಘಾಟು.

ಅವತ್ತು ನನಗೆ ಎರಡನೆಯ ದಿನ.
ನಮ್ಮ ದೇಶದಲ್ಲಿ ಅದರ ಹೆಸರೆತ್ತುವುದಿಲ್ಲ,
'ದೊಡ್ಡಮ್ಮ ಬಂದಿದ್ದಾಳೆ' ಅನ್ನುತ್ತೇವೆ.
ಎಂಥ ದೊಡ್ಡಮ್ಮ!
ಮಕ್ಕಳ ಕೈಗೊಂದು ಹಣ್ಣು ತಂದವಳಲ್ಲ.
ಬಂದವಳೇ ಕಿಬ್ಬೊಟ್ಟೆಯೊಳಗೆ ಕುಕ್ಕರಿಸಿ
ಒದ್ದೆ ಬಟ್ಟೆ ಹಿಂಡುತ್ತಾಳೆ.

ಸಾಲಿನ ಆ ತುದಿಯಲ್ಲಿ ಅತ್ತೆ
ತಲೆಯೆತ್ತದೆ ಅಗೆಯುತ್ತಿದ್ದಳು. ನಾನೂ ಅಗೆದೆ.
ದೂರದ ಶಹರಗಳಲ್ಲಿ ಯಾವ ಯಾವ ಹೆಂಗಸರೋ
ಇದೇ ನೋವಿಗೆ ಇದೇ ಬೇರು ಕುದಿಸಿ
ಕಂಬಳಿ ಹೊದ್ದು ಕುಡಿಯುತ್ತಾರಂತೆ.
ಕುಡಿಯಲಿ.
ನೆಲ ಹೆಪ್ಪುಗಟ್ಟುವ ಮೊದಲು
ನಮಗಿನ್ನೂ ಏಳು ಸಾಲು ಬಾಕಿ.

ಡಾಂಗ್‌ಗುಯಿ ಎಂದರೆ 'ಮರಳಬೇಕು' ಎಂದರ್ಥ.
ಮನೆಬಿಟ್ಟು ಹೋದ ಯಾವನೋ ಗಂಡನ ಕತೆ ಹೇಳುತ್ತಾರೆ.
ಅತ್ತೆ ನಂಬುವುದಿಲ್ಲ.
'ಗಂಡಸು ಬಂದರೆ ಬಂದ, ಬಿಟ್ಟರೆ ಬಿಟ್ಟ.
ಮರಳಬೇಕಾದ್ದು ನೆತ್ತರು, ತನ್ನ ದಾರಿಗೆ.'
ಅಷ್ಟು ಹೇಳಿ ಹೊಗೆಗೂಡಿನ ಕೆಳಗೆ
ಇನ್ನೆರಡು ಹಸಿ ವಿಲೋ ಕಡ್ಡಿ ತುರುಕುತ್ತಾಳೆ.

ವರ್ಷವರ್ಷ ವರ್ತಕ ಪಾಂಗ್ ದೆಮಾವ್ ಬರುತ್ತಾನೆ,
ಒಣಗಿದ ಬೇರುಗಳನ್ನು
ಹೆಣ್ಣು ನೋಡಲು ಬಂದ ಬೀಗರ ಹಾಗೆ
ಹೊರಳಿಸಿ ಹೊರಳಿಸಿ ನೋಡುತ್ತಾನೆ.
ದಪ್ಪ ತಲೆಗೊಂದು ದರ, ಉದ್ದ ಮೈಗೊಂದು.
ಮುರಿದ ಬಾಲಗಳನ್ನು ಬೂಟಿನ ತುದಿಯಿಂದ
ಬದಿಗೆ ಸರಿಸುತ್ತಾನೆ.
ಅವನ ಲಾರಿ ತಿರುವು ದಾಟಿದ ಮೇಲೆ
ಅತ್ತೆ ಮೊರ ತಂದು ಕೂರುತ್ತಾಳೆ.
ತಲೆ ತಡೆಯುತ್ತದೆ, ಮೈ ತುಂಬುತ್ತದೆ,
ಕಟ್ಟಿದ್ದನ್ನು ಹರಿಸುವುದು ಬಾಲ:
ಅವಳ ತಾಯಿ ಹೇಳಿದ್ದು, ಅವಳಿಗೆ ಅವಳ ತಾಯಿ.
'ಪಾಂಗ್‌ಗೆ ಗೊತ್ತಿಲ್ಲವೇ?'
'ಗೊತ್ತು. ಅವನ ತಕ್ಕಡಿಗೆ ಗೊತ್ತಿಲ್ಲ.'

ಆ ಸಂಜೆ ಮಗಳು ಜಿಂಗ್‌ಮ್ಯಾವ್ ಹಾಸ್ಟೆಲಿನಿಂದ ಬಂದಳು,
ಹದಿನಾಲ್ಕು ವರ್ಷ, ಹೊಟ್ಟೆ ಹಿಡಿದು ಮಡಚಿಕೊಂಡು,
ಬಸ್ಸಿನಲ್ಲಿ ಎರಡು ಸಲ ವಾಂತಿಯಂತೆ.
ಅತ್ತೆ ಅವಳ ಮುಂಗೈಗೆ ಮೂರು ಬೆರಳಿಟ್ಟು
ಯಾರದೋ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟವಳಂತೆ
ಬಹಳ ಹೊತ್ತು ಸುಮ್ಮನಿದ್ದಳು.
'ಶೀತ ಒಳಗೆ ಮನೆ ಮಾಡಿದೆ' ಎಂದಳು.
ಬಾಲ, ಶುಂಠಿ, ಕರಿಬೆಲ್ಲ ಮಣ್ಣಿನ ಕುಡಿಕೆಗೆ ಬಿದ್ದವು.
ಮಾಚಿಪತ್ರೆಯ ಸುರುಳಿಗೆ ಕೆಂಡ ಮುಟ್ಟಿಸಿ
ಹೊಕ್ಕುಳ ಕೆಳಗೆ, ತಾಗದಷ್ಟು ಹತ್ತಿರ ಹಿಡಿದಳು.

'ಆಡಿನ ವಾಸನೆ' ಅಂದಳು ಹುಡುಗಿ ಮೂಗು ಮುಚ್ಚಿ.
'ಅಮ್ಮಾ, ಟೀಚರ್ ಕೊಟ್ಟ ಮಾತ್ರೆ ಬ್ಯಾಗಿನಲ್ಲಿದೆ.'
ನಾನು ಅತ್ತೆಯ ಮುಖ ನೋಡಿದೆ.
ಅವಳು ಬೂದಿ ಉದುರಿಸಿದಳು.
'ಕೊಡು. ಅದೂ ಯಾರದೋ ಹೊಲದ
ಬೇರೇ ಇದ್ದೀತು.'

ಕಷಾಯ, ಮಾತ್ರೆ, ಹೊಗೆ, ಅಜ್ಜಿಯ ಅಂಗೈ.
ಹತ್ತು ಗಂಟೆಗೆ ಹುಡುಗಿ ಕಾಲು ಚಾಚಿ ಮಲಗಿದಳು.
ಯಾವುದು ಕೆಲಸ ಮಾಡಿತು,
ನೋವನ್ನು ನಿಲ್ಲಿಸಿ ಕೇಳುವವರು ಯಾರು?

ದೀಪ ಆರಿಸಲು ಹೋದೆ.
ಅತ್ತೆ ಕುಡಿಕೆ ಬಗ್ಗಿಸಿ ಉಳಿದದ್ದನ್ನು
ಬಟ್ಟಲಿಗೆ ಸುರಿದು ನನ್ನತ್ತ ತಳ್ಳಿದಳು.
'ಐದನೆಯ ಸಾಲಿನಲ್ಲಿ
ಗುದ್ದಲಿಗೆ ಒರಗಿ ನಿಂತಿದ್ದೆ.'

ಇಡೀ ದಿನ ತಲೆಯೆತ್ತಿರಲಿಲ್ಲ ಅವಳು.

ಬಿಸಿ, ಕಹಿ, ಆಮೇಲೆ ಬೆಲ್ಲ.
ಬಟ್ಟಲಿನ ತಳದಲ್ಲಿ ಗರಟಿನೊಂದಿಗೆ ಒಂದು ತುಂಡು ಬಾಲ,
ಹೋದ ವರ್ಷ ನಾನೇ ಅಗೆದದ್ದಿರಬೇಕು.
ಅಗಿದೆ.