ದೋಣಿದಳ

ನಾಳೆ ಜೀವಶಾಸ್ತ್ರ. ಕೋಡಿಬಾಗದಲ್ಲಿ ಕರೆಂಟಿಲ್ಲ.
ಮೊಬೈಲ್ ಬೆಳಕಲ್ಲಿ ದಾಸವಾಳದ ಮೊಗ್ಗು ಬಿಡಿಸುತ್ತೇನೆ:
ಪ್ರತಿ ಎಸಳೂ ಒಬ್ಬರ ಹೆಗಲ ಮೇಲೆ ಅರ್ಧ,
ಇನ್ನೊಬ್ಬರ ತೋಳಿನಡಿ ಅರ್ಧ.
ಎಕ್ಕದ್ದು ಹಾಗಲ್ಲ. ಅಂಚಿಗೆ ಅಂಚು ತಾಗಿಸಿ,
ಅಂಕೋಲೆ ಬಸ್ಸಿನ ಸೀಟಲ್ಲಿ
ಗುರುತಿಲ್ಲದವರು ಕೂತ ಹಾಗೆ.

ತಪ್ಪುವುದು ಯಾವಾಗಲೂ ಅಲಸಂದೆಯಲ್ಲಿ.
ಧ್ವಜ ಒಂದು, ರೆಕ್ಕೆ ಎರಡು,
ಆಮೇಲೆ?

'ಕೊಡು ಇಲ್ಲಿ' ಎಂದ ಅಪ್ಪ, ವಿಠೋಬ ಮೇಸ್ತ,
ಐದನೇ ಇಯತ್ತೆಗೆ ಶಾಲೆ ಬಿಟ್ಟು
ಕಾಳಿ ದಂಡೆಯಲ್ಲಿ ದೋಣಿ ಕಟ್ಟುವವ.
ಡಾಂಬರು ಹತ್ತಿದ ಹೆಬ್ಬೆರಳಿಂದ
ಧ್ವಜ ಸರಿಸಿದ, ರೆಕ್ಕೆ ಸರಿಸಿದ,
ಅಡಿಯಲ್ಲಿ ಬೆಸೆದುಕೊಂಡ ಎರಡೆಸಳನ್ನು
ಬೆಳಕಿಗೆ ಹಿಡಿದು ಸುಮ್ಮನಾದ.

'ಇದು ದೋಣಿ ಅಲ್ಲವೇನೆ.
ನಾವು ಶುರು ಮಾಡೋದೇ ಇಲ್ಲಿಂದ.
ಹೂವು ಕಡೆಗೆ ಅಡಗಿಸಿಟ್ಟಿದೆ.'

ಸೇಫ್ಟಿ ಪಿನ್ನಿಂದ ಒಳಗಿನ ಎಳೆಕಾಯಿ ಸೀಳಿ ತೋರಿಸಿದೆ:
ಅಂಡಕಗಳು, ಒಂದೇ ಅಂಚಿಗೆ, ಸಾಲಾಗಿ.
ಅಂಚಿನ ವಿನ್ಯಾಸ, ಎರಡು ಮಾರ್ಕು.
ಬೆಂಡೆಕಾಯಿಯಲ್ಲಾದರೆ ನಡುಗಂಬಕ್ಕೆ ಒರಗಿರುತ್ತವೆ,
ಐದು ಕೋಣೆ ತುಂಬ.

ಅಪ್ಪ ಬೆಂಡೆಗೆ ಕಿವಿಗೊಡಲಿಲ್ಲ.
ಪಿನ್ನಿನ ತುದಿಯಲ್ಲಿ ಎಣಿಸಿದ, ಹನ್ನೊಂದು.
'ಎಲ್ಲರೂ ಒಂದೇ ಬದಿಗೆ ಕೂತಿದಾರಲ್ಲ,
ಮಗುಚೂದಿಲ್ವ?'

ಪುಸ್ತಕ ತಿರುವಿದೆ.
ಹೊಳೆಯ ಕಡೆಯಿಂದ ಯಾರದೋ ಇಂಜಿನ್ನು
ಕೆಮ್ಮಿ, ನಿಂತು, ಮತ್ತೆ ಹೊತ್ತಿಕೊಂಡಿತು.