ಅಡಚಣೆ: ಇಲ್ಲ

ಬಾಗೇಪಲ್ಲಿಯಿಂದ ಮೂಡಲಿಗೆ ಹದಿನಾಲ್ಕು ಕಿಲೋಮೀಟರು.
ನಾನು ಪೂಲಕುಂಟಪಲ್ಲಿಯ ನೀರಿನ ಟ್ಯಾಂಕಿನ ಮೇಲೆ,
ಫಯಾಜು ಅಲ್ಲಿ, ತಾಲ್ಲೂಕು ಕಚೇರಿಯ ತಾರಸಿಯಲ್ಲಿ.
ನಡುವೆ ಬಿಸಿಲು.

ಏಣಿಗೆ ಮೂವತ್ತೆಂಟು ಮೆಟ್ಟಿಲು.
ವಾಟರ್‌ಮ್ಯಾನ್ ಅಶ್ವತ್ಥಯ್ಯ ಕೆಳಗಿಂದಲೇ ಕೂಗಿದ್ದ:
"ಹನ್ನೊಂದನೇದು ಇಲ್ಲಮ್ಮ,
ಹತ್ತಾದ ಮೇಲೆ ಹನ್ನೆರಡು ಅಂತ ಎಣಿಸ್ಕೊಳ್ಳಿ."
ಹಾಗೇ ಎಣಿಸಿದೆ.

ಕರೆಂಟು ಎಲ್ಲಿಂದ? ಪಂಪ್‌ಹೌಸಿನಿಂದ, ಇದ್ದಾಗ.
ಸಿಡಿಲು? ಪಕ್ಕದ ತೆಂಗಿಗೆ, ಎರಡು ಸಲ.
ಟ್ಯಾಂಕಿನ ಹೊಟ್ಟೆಗೆ ಅಂಟಿಕೊಂಡು ಹೆಜ್ಜೇನು,
ಅದಕ್ಕೇ ಫೋನಿನಲ್ಲೂ ಪಿಸುಮಾತು.
ಮರ ಬೆಳೆಯುತ್ತದೆ ಅನ್ನುವುದಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ.
ನಾನೇ ಅಂಚಿನಲ್ಲಿ ಗೆರೆ ಎಳೆದು ಬರೆದೆ:
ಶಾಲೆ ಹಿಂದಿನ ನೀಲಗಿರಿ, ವರ್ಷಕ್ಕೆ ಒಂದಾಳು.

ಆಗುವುದಿಲ್ಲ ಅಂತ ನಕ್ಷೆ ಮೊದಲೇ ಹೇಳಿತ್ತು.
ಒಂಬತ್ತನೆಯ ಕಿಲೋಮೀಟರಿಗೆ ಕುಂದೇಲು ಗುಟ್ಟ.
ಕುಂದೇಲು ಅಂದರೆ ಮೊಲ; ಎರಡು ಬಂಡೆ, ಎರಡು ಕಿವಿ,
ನಮ್ಮ ಗೆರೆಗಿಂತ ನಲವತ್ತು ಮೀಟರು ಮೇಲೆ.
ಆದರೂ ಕಣ್ಣಾರೆ ಕಂಡೇ ಬರೆಯಬೇಕು,
ಬೆಟ್ಟ ಅಡ್ಡ ಇದೆ ಎನ್ನಲು ಬೆಟ್ಟ ಕಾಣಬೇಕು.

ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಫಯಾಜು:
"ಮೇಡಂ, ಕನ್ನಡಿ ತಿರುಗಿಸ್ತಿದೀನಿ."
ಕನ್ನಡಿ ಸಲೂನಿನದು. ಮಾಲೀಕನೂ ಅಂಗಡಿ ಮುಚ್ಚಿ
ಮೇಲೆ ಹತ್ತಿದ್ದಾನೆ, ಒಡೆದೀತೆಂದು.

ಧೂಳು. ಒಂದು ಹದ್ದು. ಮತ್ತೆ ಧೂಳು.
ಆಮೇಲೆ
ಸಾಸಿವೆಯಷ್ಟು ಬೆಳಕು,
ಹೊತ್ತಿ, ಆರಿ, ಹೊತ್ತಿ,
ನೇರ ನನ್ನ ಕಣ್ಣಿಗೆ.

ದಿಕ್ಸೂಚಿ ನೋಡಿದೆ. ಡಿಗ್ರಿ ಸರಿ.
ಬರಬಾರದ ಬೆಳಕು ಬರುತ್ತಿದೆ.

"ಅಶ್ವತ್ಥಯ್ಯ, ಆ ಗುಟ್ಟ ಎಲ್ಲಿ?"
ಬೀಡಿ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ.
"ಎಕ್ಕಡ ಗುಟ್ಟಮ್ಮಾ, ಅದಿ ಪೋಯಿ ಏಡೇಂಡ್ಲಾಯ.
ಒಂದು ಕಿವಿ ಹೈವೇಗೆ ಹೋಯ್ತು.
ಇನ್ನೊಂದು ಜಲ್ಲಿಯಾಗಿ ಯಾರ್ಯಾರ ಮನೆ ತಾರಸಿಗೋ.
ತಲೆ ಇದ್ದ ಕಡೆ ನೀರು ನಿಂತದೆ, ಹುಡುಗರು ಈಜ್ತಾರೆ."
ಹೊಗೆ ಬಿಟ್ಟು ಅಂದ:
"ಮುಂಚೆ ಚಂದ್ರ ಆ ಕಿವಿಗಳ ಮಧ್ಯಾನೇ ಮುಳುಗ್ತಿದ್ದ.
ಈಗ ಎಲ್ಲಿ ಬೇಕಾದ್ರೂ ಮುಳುಗ್ತಾನೆ."

ನಮಗೆ ಒಂದು ಗೋಪುರ ಉಳಿಯಿತು, ಕಂಪನಿಗೆ ಲಕ್ಷಗಳು.
ಆಗಸ್ಟಿನೊಳಗೆ ಶಾಲೆಗೆ ಇಂಟರ್ನೆಟ್ಟು.
ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯೇ.
"ಕಾಣ್ತಾ ಮೇಡಂ? ಕಾಣ್ತಾ?" ಫಯಾಜು ಕೇಳುತ್ತಲೇ ಇದ್ದಾನೆ,
ಅವನ ಹಿಂದೆ ಸಲೂನಿನವನ ಗೊಣಗು:
ಗಿರಾಕಿಗೆ ಅರ್ಧ ಗಡ್ಡ ಕೆರೆದು ಕೂರಿಸಿ ಬಂದಿದೀನಿ.

ಅಡಚಣೆ ಎಂಬಲ್ಲಿ 'ಇಲ್ಲ' ಎಂದು ಬರೆದೆ.
ಹಾಳೆ ಮಡಿಸಿದೆ.

ಇಳಿಯುವಾಗ ಎಣಿಕೆ ತಪ್ಪಿಸಲಿಲ್ಲ:
ಹದಿಮೂರು, ಹನ್ನೆರಡು, ಹತ್ತು.
ಕಾಲು ಮಾತ್ರ, ಗೊತ್ತಿದ್ದೂ,
ನಡುವಿನ ಗಾಳಿಯಲ್ಲಿ ಒಂದು ಕ್ಷಣ
ಊರಲು ಏನನ್ನೋ ಹುಡುಕಿತು.