ಒಂದು ಮಾರು, ಒಂದು ಮೊಳ

ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋದ ಚೀಟಿಯನ್ನು
ಪಾಪಾಚಾರಿ ಕಣ್ಣೆತ್ತಿ ನೋಡಲೂ ಇಲ್ಲ.
‘ತೋಳು ಚಾಚಿ ನಿಲ್ಲಮ್ಮ’ ಅಂದ.

ಇಪ್ಪತ್ತಾರು ವರ್ಷ ಚಿಂತಾಮಣಿ ತಾಲ್ಲೂಕೆಲ್ಲ ಅಳೆದವಳು ನಾನು,
ಸರಪಳಿ ಎಳೆದು, ಬೇಲಿ ಹಾರಿ,
ಅಣ್ಣನಿಂದಲೂ ತಮ್ಮನಿಂದಲೂ ಬೈಸಿಕೊಂಡು
ಇಬ್ಬರ ನಡುವೆ ಕಲ್ಲು ನೆಡಿಸಿದವಳು.
ರವಿಕೆ ಹೊಲಿಯುವವಳ ಹೊರತು
ನನ್ನನ್ನು ಯಾರೂ ಅಳೆದಿರಲಿಲ್ಲ.

ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮಾರು,
ಮೇಲೊಂದು ಮೊಳ. ಹುಟ್ಟಿನ ಉದ್ದ ಅಷ್ಟೇ.
ಮರ ಹೆಬ್ಬೇವು. ‘ಹಗುರ, ತಲೆಹರಟೆ ಮಾಡಲ್ಲ.’
ಎಣ್ಣೆ ಮಾತ್ರ ಹೊಂಗೆಯದೇ ಆಗಬೇಕೆಂದು ಅವನ ಹಠ;
ಹದಿನೈದು ದಿನ ನನ್ನ ಅಂಗೈ
ಗಾಡಿಯ ಕೀಲಿನ ಹಾಗೆ ನಾರಿತು.

ಅವನ ಹೆಂಡತಿ ಒಳಗಿಂದ ಬಂದು ನೋಡಿ,
‘ಎರಡೂ ಕಡೆ ತಿರುವೋ ಮುದ್ದೆಕೋಲು! ಎಷ್ಟು ಸೇರು ಹಿಟ್ಟಿಗೆ?’
‘ಒಂದು ಕೆರೆಯಷ್ಟು’ ಅಂದೆ.

*

ದೋಣಿ ಮೂಟೆಯಲ್ಲಿತ್ತು. ಕಂಡಕ್ಟರು ಲಗೇಜು ಹರಿಯುತ್ತಾ
ಏನಿದೆ ಒಳಗೆ ಅಂದ. ದೋಣಿ ಅಂದೆ.
ನಕ್ಕ ನಗುವಿಗೆ ಚಿಲ್ಲರೆ ಕೊಡುವುದನ್ನೇ ಮರೆತ.

ದೊಡ್ಡಹುಡ್ಯದ ಕೆರೆ ಏರಿ, ತೂಬಿನ ಪಕ್ಕ, ಬೆಳಗಿನ ಆರೂವರೆ.
ಕೊಳವೆಗಳನ್ನು ಸಾಲಾಗಿ ಮಲಗಿಸಿದೆ. ಪ್ರತಿಯೊಂದಕ್ಕೂ ನಂಬರು.
ನಂಬರಿದ್ದರೆ ನನಗೆ ಧೈರ್ಯ.
ಆದರೆ ಮೂರು ನಾಲ್ಕಕ್ಕೆ ಸೇರದು,
ಆರು ಆರೋ ಒಂಬತ್ತೋ ತಿಳಿಯದು,
ಪಕ್ಕೆಲುಬೊಂದನ್ನು ತಲೆಕೆಳಗಾಗಿ ಸಿಕ್ಕಿಸಿ
ಬೆರಳು ಕಚ್ಚಿಸಿಕೊಂಡು
ಎಲುಬಿನ ಗೂಡನ್ನು ಚರ್ಮದೊಳಗೆ ತುರುಕುತ್ತಿದ್ದರೆ
ಮೀನಿನ ಗಂಗುಲಪ್ಪ ಬೀಡಿ ಹಚ್ಚಿ ನಿಂತು
‘ಬಾಣಂತಿ ಹೊಟ್ಟೆ ಕಟ್ಟಿದಂಗೆ ಬಿಗಿಯಮ್ಮ, ಅರ್ಧಂಬರ್ಧ ಬೇಡ’ ಅಂದ.

ಕೊನೆಗೆ ಮೊಳೆಯಂಥದ್ದೊಂದು ಉಳಿಯಿತು.
ಎಲ್ಲಿಯದೆಂದು ಇವತ್ತಿಗೂ ಗೊತ್ತಿಲ್ಲ.
ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ.

ಹತ್ತುವುದು ಮೊದಲ ಪಾಠ. ಬೀಳುವುದೂ ಅದೇ ಪಾಠ.
ಮೊಣಕಾಲುದ್ದ ನೀರಿನಲ್ಲಿ
ಏರಿಯ ಮೇಲಿನ ನಗು ಮೊದಲು ಕೇಳಿತು, ಆಮೇಲೆ ಚಳಿ.

ಎಡಕ್ಕೆ ಹಾಕಿದರೆ ಬಲಕ್ಕೆ, ಬಲಕ್ಕೆ ಹಾಕಿದರೆ ಎಡಕ್ಕೆ,
ಕಚೇರಿಯ ಕಡತದ ಹಾಗೆ
ಸುತ್ತಿ ಸುತ್ತಿ ಮತ್ತೆ ಅದೇ ತೂಬಿನ ಮುಂದೆ.
ಹರಿಗೋಲಿನಿಂದ ಬಲೆ ಬಿಡುತ್ತಿದ್ದ ಗಂಗುಲಪ್ಪ ಕೂಗಿದ:
‘ನೀರನ್ನ ಯಾಕೆ ಹೊಡೀತೀಯ?
ಕೋಲು ನೆಡು, ನೀನು ಮುಂದಕ್ಕೆ ಹೋಗು.’

ನೆಡುವುದು ಗೊತ್ತಿರುವ ಕೆಲಸ.
ನೆಟ್ಟೆ.
ಹೋದೆ.

*

ಈ ಕೆರೆಯಲ್ಲಿ ನಾನು ನಡೆದಿದ್ದೇನೆ.
ಆಗ ಇಲ್ಲಿ ಬಿರುಕಿತ್ತು, ಜಾಲಿಯಿತ್ತು, ಹುಡುಗರ ವಿಕೆಟ್ಟಿತ್ತು,
ಯಾರದೋ ಕಳ್ಳ ಟೊಮೆಟೊಗೆ ನಿಲ್ಲಿಸಿದ ಕಡ್ಡಿಗಳಿದ್ದವು.
ಎಂಟು ದಿನ ಸುತ್ತಿ, ಹದಿನಾಲ್ಕು ಕಲ್ಲು ನೆಡಿಸಿ
ನಕ್ಷೆಗೆ ರುಜು ಹಾಕಿದೆ: ಇಷ್ಟು ಎಕರೆ, ಇಷ್ಟು ಗುಂಟೆ, ಖರಾಬು ಸೇರಿ.
ಆಳಕ್ಕೆ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಈಗ ಅದು, ಒಂದು ಬಟ್ಟೆಯ ದಪ್ಪದಾಚೆ,
ತೊಡೆಗೆ ತಣ್ಣಗೆ ತಾಗುತ್ತಿದೆ.
ಮುಳುಗಿದ ಜಾಲಿಗಳ ನೆತ್ತಿ ಅಲ್ಲಲ್ಲಿ ಕಪ್ಪಗೆ.
ಒಂದು ಮುಳ್ಳು ಸಾಕು. ಉಸಿರು ಹಿಡಿದು ಬಳಸಿಕೊಂಡೆ.

ಆಚೆ ದಡದ ಜೊಂಡಿನಲ್ಲಿ
ಹುಟ್ಟಿಗೆ ಏನೋ ತಾಗಿತು. ಟಕ್.
ಮರಕ್ಕೆ ಕಲ್ಲು ಕೊಡುವ ಜವಾಬು ನನಗೆ ಗೊತ್ತು.
ಕೈ ಇಳಿಸಿದೆ. ಪಾಚಿಯ ಕೆಳಗೆ ಉಳಿಯ ಗುರುತು, ಬಾಣದ ಮೊನೆ.
ಹನ್ನೊಂದನೆಯದೋ ಹನ್ನೆರಡನೆಯದೋ.
ನೀರು ನನ್ನ ಗೆರೆ ದಾಟಿ ಮೂವತ್ತಡಿ ಹೋಗಿತ್ತು,
ಯಾರದೋ ರಾಗಿ ಹೊಲದ ಬದುವಿನ ತನಕ,
ನೋಟೀಸಿಲ್ಲದೆ.

ಒತ್ತುವರಿ, ಅಂದುಕೊಂಡೆ. ನಗು ಬಂತು.
ದೋಣಿ ವಾಲಿತು.
ನಗುವುದನ್ನೂ ಕಲಿಯಬೇಕು ಇದರಲ್ಲಿ, ಸೊಂಟದಿಂದ ಕೆಳಗೆ ನಗದಂತೆ.

ಕುಳಿತಲ್ಲಿ ಒದ್ದೆ. ಬಿದ್ದದ್ದೋ, ಸೋರುತ್ತಿರುವುದೋ?
ಮೊಳೆ ದುಪಟ್ಟಾದ ಗಂಟಿನಲ್ಲೇ ಇದೆ.
ತೂಬಿಗೆ ಇಲ್ಲಿಂದ ಎಷ್ಟು ದೂರ, ನಕ್ಷೆಯೇ ಬೇಡ, ಬಾಯಿಗೆ ಬರುತ್ತದೆ.
ಹೇಳಿಕೊಳ್ಳಲಿಲ್ಲ.
ಮೂತಿ ತಿರುಗಿಸಿ
ಹಾಕಿದೆ, ಒಂದು ಮಾರು,
ಒಂದು ಮೊಳ.